ಮನೆತನದ ಪದಬಂಧ

ಕೇಳುಗರೇ, ನಮಸ್ಕಾರ.

ಬೆಳಿಗ್ಗೆ ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು ಪೇಪರಿನ ಪದಬಂಧ ಬಿಡಿಸುವವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಈ ಮಾತು ನಿಮಗಾಗಿಯೇ. ನೀವು ದಿನಾ ಮಾಡುವ ಆ ಕೆಲಸವನ್ನು ನಿಮ್ಮ ಮನೆತನದ ಮೇಲೆ ಮಾಡಿ ನೋಡಿ. ನಾನು 20 ವರ್ಷದಿಂದ ಮಾಡುತ್ತಿದ್ದೇನೆ, ಇನ್ನೂ ಬೇಸರ ಬಂದಿಲ್ಲ.

ಪದಬಂಧದಲ್ಲಿ ಎಡದಿಂದ ಬಲಕ್ಕೆ ಒಂದು ಪದ ಹೊಳೆಯುತ್ತದೆ. ಸರಿಯಾಗಿ ಕೂರುತ್ತದೆ ಕೂಡ. ಆದರೆ ಮೇಲಿನಿಂದ ಕೆಳಕ್ಕೆ ಬರುವ ಪದದ ಜೊತೆ ಅಕ್ಷರ ಕೂಡದಿದ್ದರೆ? ಅಳಿಸಲೇಬೇಕು, ಅಲ್ವಾ? ಮನೆತನದ ಹುಡುಕಾಟವೂ ಇಷ್ಟೇ. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಎರಡೂ ಕೂಡಬೇಕು. ಅಲ್ಲಿಯವರೆಗೆ ಪೆನ್ಸಿಲ್ಲಿನಲ್ಲೇ ಬರೆಯಿರಿ.

ನಮ್ಮ ಮನೆಯದೇ ಒಂದು ಸಂಗತಿ ಹೇಳುತ್ತೇನೆ.

ನಮ್ಮಜ್ಜನ ಟ್ರಂಕಿನಲ್ಲಿ ಒಂದು ಜಾತಕ ಇತ್ತು. ಮೇಲೆ ಒಂದು ಹೆಸರು. ಕೆಳಗೆ, ಆನಂದ ಸಂವತ್ಸರ, ಶ್ರಾವಣ ಮಾಸ. ಇಸವಿ ಇರಲಿಲ್ಲ. ಸಂವತ್ಸರದ ಕಷ್ಟವೇ ಇದು. ಅವು ಇರುವುದು 60, ಮುಗಿದ ಮೇಲೆ ಮತ್ತೆ ಅವೇ ಹೆಸರು. ಆನಂದ ಎಂದರೆ 1854 ಆಗಬಹುದು, 1914 ಆಗಬಹುದು, 1974 ಕೂಡ ಆಗಬಹುದು. ನಮಗೆ ತಲೆಬಿಸಿ ಆಗಲಿಲ್ಲ. ಆ ಹೆಸರಿನವರು ಮನೆಯಲ್ಲಿ ಒಬ್ಬರೇ, ನಮ್ಮಜ್ಜನ ತಾತ. ಧಾತು ಈಶ್ವರ ಬರದಲ್ಲಿ ಅವರು ಪ್ರಾಯದ ಹುಡುಗ, ಊರು ಬಿಟ್ಟು ಹೋಗಿ ಬಂದವರು ಎಂಬ ಮಾತು ಮನೆಯಲ್ಲಿತ್ತು. ಧಾತು ಎಂದರೆ 1876, ಅದರ ಮುಂದಿನದು ಈಶ್ವರ. 1854ರಲ್ಲಿ ಹುಟ್ಟಿದವರಿಗೆ ಆಗ 22 ವರ್ಷ. ಎಷ್ಟು ಚೆನ್ನಾಗಿ ಕೂತಿತು ನೋಡಿ! ವಂಶವೃಕ್ಷದಲ್ಲಿ 1854 ಎಂದು ಶಾಯಿಯಲ್ಲೇ ಬರೆದುಬಿಟ್ಟೆ.

ಒಂದು ದಿನ ಊರಿನ ಜೋಯಿಸರು ಆ ಜಾತಕ ನೋಡಿದರು. ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ಇದು ನಿಮ್ಮಜ್ಜನ ತಾತನದ್ದಲ್ಲ ಕಣಪ್ಪ, ರಾಹು ಒಪ್ಪುತ್ತಿಲ್ಲ" ಎಂದರು.

ಜ್ಯೋತಿಷ್ಯ ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಕುಂಡಲಿಯನ್ನು ಗಡಿಯಾರದ ಹಾಗೆ ನೋಡಿ ಸಾಕು. ಶನಿ ಒಂದು ಸುತ್ತು ಬರುವುದಕ್ಕೆ ಹತ್ತಿರ ಹತ್ತಿರ 30 ವರ್ಷ ಬೇಕು. ಗುರುವಿಗೆ 12. ಹಾಗಾಗಿ 60 ವರ್ಷಕ್ಕೆ ಇಬ್ಬರೂ ಹೆಚ್ಚುಕಡಿಮೆ ಹಳೆಯ ಜಾಗಕ್ಕೇ ಬಂದು ನಿಲ್ಲುತ್ತಾರೆ, ತಪ್ಪಿದರೆ ಒಂದು ಮನೆ ಆಚೆ. ಈ ಇಬ್ಬರನ್ನು ನೋಡಿ 1854ಕ್ಕೂ 1914ಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ರಾಹು ಹಾಗಲ್ಲ. ಅವನ ಸುತ್ತು ಹದಿನೆಂಟೂವರೆ ವರ್ಷದ್ದು, 60ಕ್ಕೆ ಲೆಕ್ಕ ಕೂಡುವುದಿಲ್ಲ. 1854ರ ಶ್ರಾವಣದಲ್ಲಿ ರಾಹು ವೃಷಭದಲ್ಲಿದ್ದ. ನಮ್ಮ ಜಾತಕದಲ್ಲಿ ಕುಂಭದಲ್ಲಿ ಕೂತಿದ್ದ. ಕುಂಭ ಎಂದರೆ 1914.

ಹಾಗಾದರೆ ಅದೇ ಹೆಸರಿನ ಇನ್ನೊಬ್ಬರು ಯಾರು? ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆಗ ನನಗೆ ಇನ್ನೊಂದು ವಿಷಯ ಹೊಳೆಯಿತು. ನಮ್ಮ ಮನೆಯಲ್ಲಿ ಹಿರಿಯ ಮೊಮ್ಮಗನಿಗೆ ತಾತನ ಹೆಸರು ಇಡುವುದು ತಪ್ಪಿದ್ದೇ ಇಲ್ಲ. ಅಜ್ಜನೇ ಹಿರಿಯ ಮಗ ಎಂದು ಎಲ್ಲರೂ ಹೇಳುತ್ತಿದ್ದರು. ಅಜ್ಜನಿಗೆ ಮಾತ್ರ ಬೇರೆ ಹೆಸರು! ಅಷ್ಟು ವರ್ಷ ಇದು ಕಣ್ಣೆದುರೇ ಇತ್ತು, ಯಾಕೆ ಅಂತ ಒಬ್ಬರೂ ಕೇಳಿರಲಿಲ್ಲ.

ಮತ್ತೆ ಟ್ರಂಕು ತೆಗೆದೆ. ಅಜ್ಜನ ಅಪ್ಪ ಬರೆದ ಮನೆ ಖರ್ಚಿನ ಲೆಕ್ಕದ ಪುಸ್ತಕ ಅದರ ತಳದಲ್ಲೇ ಇತ್ತು. ಬರೀ ಉಪ್ಪು, ಎಣ್ಣೆಯ ಲೆಕ್ಕ ಎಂದು ನಾನು ಅದನ್ನು ಓದಿಯೇ ಇರಲಿಲ್ಲ. ಈಗ ಒಂದೊಂದು ಸಾಲು ಓದಿದೆ. ಆ ಹೆಸರು ಮೊದಲು ಸಿಕ್ಕಿದ್ದು ಒಂದು ಟೋಪಿಯ ಲೆಕ್ಕದಲ್ಲಿ, ನಾಲ್ಕಾಣೆ. ಆಮೇಲೆ ಒಂದು ಬಳಪ. ಆಮೇಲೆ ಕಾಲಯುಕ್ತಿ ಸಂವತ್ಸರದ ಆಶ್ವಯುಜ ಮಾಸದಲ್ಲಿ ಅದೇ ಹೆಸರಿನ ಮುಂದೆ "ಔಷಧಿ, ಎರಡಾಣೆ." ಮೂರು ದಿನ ಬಿಟ್ಟು ಮತ್ತೆ ಔಷಧಿ. ಆಮೇಲೆ ಆ ಪುಸ್ತಕದಲ್ಲಿ ಆ ಹೆಸರು ಬರುವುದಿಲ್ಲ.

ಕಾಲಯುಕ್ತಿ ಎಂದರೆ 1918. ಆಶ್ವಯುಜ ಎಂದರೆ ಅಕ್ಟೋಬರ್ ಹೊತ್ತು. ಇನ್‌ಫ್ಲುಯೆಂಜಾ ಮೈಸೂರು ಸೀಮೆಯ ಊರೂರಿಗೂ ನುಗ್ಗಿದ್ದ ಕಾಲ ಅದು. ಮಗುವಿಗೆ ನಾಲ್ಕು ವರ್ಷ. ನಮ್ಮಜ್ಜ ಹುಟ್ಟಿದ್ದು ಅದರ ಎರಡು ವರ್ಷದ ನಂತರ. ತನಗೊಬ್ಬ ಅಣ್ಣ ಇದ್ದ ಎಂದು ಅವರಿಗೆ ಯಾರೂ ಹೇಳಿರಲೇ ಇಲ್ಲ ಅಂತ ಕಾಣುತ್ತದೆ.

ನೋಡಿ, ಜಾತಕ ಒಂದು ಕಡೆಯಿಂದ, ಹೆಸರಿಡುವ ಪದ್ಧತಿ ಇನ್ನೊಂದು ಕಡೆಯಿಂದ, ಲೆಕ್ಕದ ಪುಸ್ತಕ ಮತ್ತೊಂದು ಕಡೆಯಿಂದ ಬಂದು ಒಂದೇ ಚೌಕದಲ್ಲಿ ಕೂಡಿದವು. 1854 ಅಳಿಸಿದೆ. ಅಜ್ಜನ ಪಕ್ಕದಲ್ಲಿ ಒಂದು ಮನೆ ಹೊಸದಾಗಿ ಎಳೆದು ಆ ಹೆಸರು ಬರೆದೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

"ಇದರಿಂದ ಏನು ಸಿಗುತ್ತೆ ಸಾರ್, ಆಸ್ತಿ ಸಿಗುತ್ತಾ?" ಎಂದು ಕೇಳುವವರಿದ್ದಾರೆ. ಪದಬಂಧ ಬಿಡಿಸಿದರೆ ಏನು ಸಿಗುತ್ತೆ ಎಂದು ಅವರು ಯಾವತ್ತೂ ಕೇಳುವುದಿಲ್ಲ! ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಆಸ್ತಿಗೆ, ಖಾತೆ ಬದಲಾವಣೆಗೆ. ಅದರಲ್ಲಿ ಈ ಮಗುವಿಗೆ ಜಾಗ ಇಲ್ಲ.

ಹೇಳಬೇಕಾದ್ದು ಇನ್ನೂ ಬಹಳ ಇತ್ತು, ಸಮಯ ಕಡಿಮೆ ಇದೆ. ಶಾಲೆಯ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1 ಎಂದಿದ್ದರೆ ತಟ್ಟನೆ ನಂಬಬೇಡಿ. ಮಗುವನ್ನು ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡ ದಿನ ಅದಾಗಿರಬಹುದು. ಹಳೆಯ ಪಹಣಿ ತೆಗೆಸಿ, ಅಣ್ಣತಮ್ಮಂದಿರ ಹೆಸರು ಒಟ್ಟಿಗೆ ಸಿಗುತ್ತವೆ. ಅದನ್ನೂ ಇನ್ನೊಂದರ ಜೊತೆ ಕೂಡಿಸಿಯೇ ನೋಡಿ. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ.

ಉತ್ತರ ಕರ್ನಾಟಕದ ಕೇಳುಗರಿಗೆ ಒಂದು ಮಾತು. ನಿಮಗೆ ಹೆಳವರು ಇದ್ದಾರೆ. ನಿಮ್ಮ ಮನೆತನದ ತಲೆಮಾರುಗಳನ್ನು ಹೆಸರು ಹಿಡಿದು ಹೇಳುವುದು ಅವರ ಕಸುಬು. ಅವರ ಹತ್ತಿರ ಪುಸ್ತಕವೂ ಇರುತ್ತದೆ. ಈ ಸುಗ್ಗಿಗೆ ಬಂದರೆ ಬಾಗಿಲಲ್ಲೇ ಜೋಳ ಕೊಟ್ಟು ಕಳಿಸಬೇಡಿ. ಒಳಗೆ ಕರೆದು ಕೂರಿಸಿ, ಪೆನ್ಸಿಲ್ ತೆಗೆದುಕೊಳ್ಳಿ. ಚಿಕ್ಕಂದಿನಲ್ಲೇ ತೀರಿಹೋದ ಮಕ್ಕಳ ಹೆಸರನ್ನೂ ಕೇಳಿ.

ನಮಸ್ಕಾರ.