ಮೊದಲನೆಯ ಸಿಂಪಿಗೆ ನಿಂಬೆರಸ ಬೇಡ

ಕೇಳುಗರೆಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಸನ್ನಿವೇಲ್, ಸ್ಯಾನ್ ಹೋಸೆ ಕಡೆಯ ಕನ್ನಡಿಗರಿಗೆ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ನನಗೆ ಸಿಕ್ಕಿರುವ ಸಮಯ ಕಡಿಮೆ. ಸಿಂಪಿಯ ರುಚಿ ಅಂದರೆ ಅದು ಬೆಳೆದ ನೀರಿನ ರುಚಿ. ಇಲ್ಲಿ ನಾವೆಲ್ಲ ಆಯ್ಸ್ಟರ್ ಅಂತ ಕರೆಯುವ ಈ ಸಿಂಪಿಯನ್ನು ಮೊದಲ ಸಲ ತಿನ್ನುವಾಗ ನಿಂಬೆರಸ ಬೇಡ, ಖಾರದ ಸಾಸ್ ಬೇಡ, ಏನೂ ಬೇಡ. ಬಾಯಿಗೆ ಹಾಕಿಕೊಂಡು ಅಗಿಯಿರಿ. ಎರಡನೆಯದಕ್ಕೆ ಬೇಕಾದ್ದು ಸುರಿದುಕೊಳ್ಳಿ, ನಾನು ಅಡ್ಡ ಬರುವುದಿಲ್ಲ. ಮೊದಲನೆಯದು ಮಾತ್ರ ಬರೀ ಅದರ ಚಿಪ್ಪಿನೊಳಗಿನ ನೀರಿನ ಜೊತೆ.

ಎಲ್ಲಿ ತಿನ್ನಬೇಕು? ಪೇಟೆಯ ಹೋಟೆಲಿನಲ್ಲಲ್ಲ, ಬೆಳೆಯುವ ಜಾಗದಲ್ಲೇ. ನಮಗೆ ಹತ್ತಿರದ್ದು ಟೊಮಾಲೆಸ್ ಕೊಲ್ಲಿ. ಗೋಲ್ಡನ್ ಗೇಟ್ ಸೇತುವೆ ದಾಟಿ ಪಾಯಿಂಟ್ ರೇಸ್ ಸ್ಟೇಷನ್ ಅನ್ನುವ ಪುಟ್ಟ ಊರಿಗೆ ಬನ್ನಿ. ಅಲ್ಲಿಂದ ಹೆದ್ದಾರಿ 1 ಹಿಡಿದು ಉತ್ತರಕ್ಕೆ ಹೊರಟರೆ ಎಡಗಡೆ ಕೊಲ್ಲಿಯ ನೀರು, ಬಲಗಡೆ ಹಸು ಮೇಯುವ ಗುಡ್ಡಗಳು. ಮಾರ್ಷಲ್ ಅನ್ನುವ ಹಳ್ಳಿಯ ಆಸುಪಾಸಿನಲ್ಲಿ ಸಿಂಪಿ ಸಾಕುವವರು ಸಿಗುತ್ತಾರೆ. ಟೊಮಾಲೆಸ್ ಬೇ ಆಯ್ಸ್ಟರ್ ಕಂಪನಿ 1909ರಿಂದ ಇದೆ. ಹಾಗ್ ಐಲ್ಯಾಂಡ್ ಅನ್ನುವ ಇನ್ನೊಂದು ಕಂಪನಿಯವರು 1983ರಲ್ಲಿ ಶುರು ಮಾಡಿದರು. ಮೀನು ಮಾಂಸ ತಿನ್ನದ ಮನೆಯವರೂ ಜೊತೆಗೆ ಬರಲಿ. ದಾರಿಯಲ್ಲಿ ಒಳ್ಳೆಯ ಬ್ರೆಡ್ಡು, ಚೀಸು ಸಿಗುತ್ತದೆ, ಆ ರಸ್ತೆಯಂತೂ ನೋಡಲೇಬೇಕಾದ್ದು.

ಈ ಕೊಲ್ಲಿಯ ಆಕಾರ ನೋಡಿ. ಉದ್ದ ಸುಮಾರು 24 ಕಿಲೋಮೀಟರ್, ಅಗಲ ಹೆಚ್ಚುಕಡಿಮೆ ಒಂದೂವರೆ ಕಿಲೋಮೀಟರ್ ಅಷ್ಟೇ. ಇಷ್ಟು ಸಪೂರವಾಗಿ, ನೆಟ್ಟಗೆ ಇರುವುದಕ್ಕೆ ಕಾರಣ ಭೂಮಿಯೊಳಗಿನ ಸ್ಯಾನ್ ಆಂಡ್ರಿಯಾಸ್ ಬಿರುಕು. 1906ರ ಭೂಕಂಪದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಊರನ್ನೇ ಅಲ್ಲಾಡಿಸಿತಲ್ಲ, ಅದೇ ಬಿರುಕು ಈ ಕೊಲ್ಲಿಯ ತಳದಲ್ಲಿ ಹಾದುಹೋಗುತ್ತದೆ. ಒಂದು ತುದಿ ಪೆಸಿಫಿಕ್ ಸಾಗರಕ್ಕೆ ತೆರೆದಿದೆ, ಇನ್ನೊಂದು ತುದಿಗೆ ಲಗುನಿಟಾಸ್ ಹೊಳೆಯ ಸಿಹಿನೀರು ಬಂದು ಸೇರುತ್ತದೆ. ಅಂದರೆ ಒಂದೇ ಕೊಲ್ಲಿಯಲ್ಲಿ ಉಪ್ಪು ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ. ನೀರು ಬದಲಾದರೆ ರುಚಿ ಬದಲಾಗಲೇಬೇಕು.

ಯಾಕೆ ಅಂತೀರಾ? ಸಿಂಪಿಗೆ ಯಾರೂ ಮೇವು ಹಾಕುವುದಿಲ್ಲ, ಗೊಬ್ಬರ ಹಾಕುವುದಿಲ್ಲ. ಅದು ನೀರನ್ನು ಒಳಗೆಳೆದು, ಸೋಸಿ, ಅದರಲ್ಲಿರುವ ಸೂಕ್ಷ್ಮ ಪಾಚಿಯನ್ನು ತಿಂದು, ನೀರನ್ನು ಹೊರಗೆ ಬಿಡುತ್ತದೆ. ಎಲ್ಲ ಸರಿಯಾಗಿದ್ದರೆ ಬೆಳೆದ ಒಂದು ಸಿಂಪಿ ದಿನಕ್ಕೆ 190 ಲೀಟರ್ ತನಕ ಸೋಸಬಲ್ಲದು. ಹೀಗೆ ಎರಡು ವರ್ಷ ಒಂದೇ ಕಡೆ ಕುಳಿತು ಅಲ್ಲಿನ ನೀರನ್ನೇ ಸೋಸಿದ ಜೀವಿ ಮತ್ತೆ ಯಾವ ರುಚಿ ಕೊಡಬೇಕು, ಹೇಳಿ.

ಇದನ್ನು ನನಗಿಂತ ಚೆನ್ನಾಗಿ ತಿಳಿದವರು ನಮ್ಮ ಚಿಕ್ಕಪ್ಪ. ಆ ಕಥೆ ಹೇಳಲೇಬೇಕು. ಅವರು ಕುಮಟಾ ಕಡೆಯವರು, ಅಘನಾಶಿನಿ ಹೊಳೆಯ ದಂಡೆಯಲ್ಲೇ ಹುಟ್ಟಿ ಬೆಳೆದವರು. ನೀರು ಇಳಿದಾಗ ಹೊಳೆಗಿಳಿದು ಬಳಚು, ಅಂದರೆ ಸಿಂಪಿಯಂಥದೇ ಚಿಪ್ಪಿನ ಜೀವಿ, ಹೆಕ್ಕುವುದು ಅವರಿಗೆ ಚಿಕ್ಕಂದಿನಿಂದ ಅಭ್ಯಾಸ. ಇಲ್ಲಿಗೆ ಬಂದಾಗ, ಒಂದು ಫೆಬ್ರವರಿಯಲ್ಲಿ, ಮಳೆ ನಿಂತು ಎಷ್ಟೋ ದಿನ ಆದ ಮೇಲೆ ಅವರನ್ನು ಟೊಮಾಲೆಸ್‌ಗೆ ಕರೆದುಕೊಂಡು ಹೋದೆ. ನನಗೆ ಕೆಲಸದ ಮೇಲೆ ಪರಿಚಯವಿದ್ದ ಸಾಕಣೆಗಾರರೊಬ್ಬರು ಎರಡು ಸಿಂಪಿ ತೆಗೆದು ಕೊಟ್ಟರು. ಚಿಕ್ಕಪ್ಪ ಹಿಂದೆ ಸರಿದರು. "ಹಸಿದನ್ನೇ ತಿನ್ನೂದಾ ತಂಗೀ?" ಅಂದರು. ಊರಲ್ಲಿ ಬಳಚನ್ನು ಬೇಯಿಸಿ, ಕಾಯಿ ಹಾಕಿ ಸುಕ್ಕಾ ಮಾಡಿ ತಿಂದವರಿಗೆ ಹಾಗನ್ನಿಸುವುದು ಸಹಜ. ನಾನು ಒಂದನ್ನು ತಿಂದು ತೋರಿಸಿದೆ. ಆಮೇಲೆ ಅವರು ಬಾಯಿಗೆ ಹಾಕಿಕೊಂಡರು. ನುಂಗಲಿಲ್ಲ, ಗಮನಿಸಿ. ನಿಧಾನವಾಗಿ ಅಗಿದರು. ಎರಡನೆಯದನ್ನೂ ಹಾಗೇ ಅಗಿದರು. ಆಮೇಲೆ ಮೊದಲ ಚಿಪ್ಪು ತೋರಿಸಿ, "ಇದು ಅಳಿವೆ ಬಾಯಿಂದು" ಅಂದರು. ಇನ್ನೊಂದನ್ನು ತೋರಿಸಿ, "ಅದು ಹೊಳೆ ಬದಿಂದು" ಅಂದರು.

ಸಾಕಣೆಗಾರರಿಗೆ ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕೈಯಲ್ಲಿದ್ದ ಚಾಕು ಕೆಳಗಿಟ್ಟರು. ಎರಡೂ ಒಂದೇ ತಂಡದ ಮರಿಗಳು, ಒಂದೇ ವಯಸ್ಸು. ಒಂದನ್ನು ಸಾಗರದ ಬಾಯಿ ಹತ್ತಿರ ಬೆಳೆಸಿದ್ದು, ಇನ್ನೊಂದನ್ನು ಒಳತುದಿಗೆ. ಚಿಕ್ಕಪ್ಪನಿಗೆ ಆ ಕೊಲ್ಲಿಯ ನಕ್ಷೆ ಕೂಡ ಗೊತ್ತಿರಲಿಲ್ಲ. ಸಾಕಣೆಗಾರರು ಓಡಿಹೋಗಿ ಮೂರನೆಯದು ತಂದರು, ಎಲ್ಲಿಯದು ಅಂತ ನನಗೂ ಹೇಳಲಿಲ್ಲ. ಚಿಕ್ಕಪ್ಪ ಜಾಸ್ತಿ ಹೊತ್ತು ತೆಗೆದುಕೊಂಡರು. "ಜಾಗ ಹೇಳೂಕಾಗೂದಿಲ್ಲ. ಆದ್ರೆ ಇದು ಕೆಸರಿಗೆ ತಾಗಿ ಬೆಳೆದದ್ದು" ಅಂದರು. ನಿಜ, ಅದು ತಳದಲ್ಲಿ ಹಾಸಿದ ಚೀಲದ್ದು. ಮೊದಲಿನ ಎರಡು ನೀರಿನಲ್ಲಿ ತೇಲಿಬಿಟ್ಟ ಬುಟ್ಟಿಯವು. ಆಮೇಲೆ ಅವರಿಬ್ಬರೂ ಭಾಷೆ ಇಲ್ಲದೆ ಬಹಳ ಹೊತ್ತು ಮಾತಾಡಿದರು, ಕೈಸನ್ನೆಯಲ್ಲಿ, ಉಬ್ಬರ ಇಳಿತದ ಬಗ್ಗೆ. ಮಳೆಗಾಲದಲ್ಲಿ ಹೊಳೆ ತುಂಬಿ ಬಂದರೆ ಬಳಚು ಸಪ್ಪೆಯಾಗುತ್ತದೆ ಅಂತ ಚಿಕ್ಕಪ್ಪ ಹೇಳಿದ್ದನ್ನು ನಾನು ಅನುವಾದ ಮಾಡುವ ಮೊದಲೇ ಅವರು ತಲೆಯಾಡಿಸಿದರು. ಮಧ್ಯಾಹ್ನದ ಊಟಕ್ಕೆ ಇಬ್ಬರನ್ನೂ ಎಬ್ಬಿಸಲು ನನಗೆ ಸಾಕಾಯಿತು.

ಅದೇ ಹೊತ್ತಿಗೆ ಪಕ್ಕದ ಮೇಜಿನಲ್ಲಿ ಒಂದು ಕುಟುಂಬ. ಪ್ರತಿ ಸಿಂಪಿಗೂ ಕೆಂಪು ಸಾಸ್ ತುಂಬಿ, ತಲೆ ಎತ್ತಿ, ಒಂದೇ ಗುಟುಕಿಗೆ ಒಳಗೆ. ನನಗೆ ಸಂಕಟವಾಗುತ್ತದೆ. ಅಷ್ಟು ದೂರ ಕಾರು ಓಡಿಸಿ, ಅಷ್ಟು ದುಡ್ಡು ಕೊಟ್ಟು, ಕೊನೆಗೆ ತಿಂದದ್ದು ಸಾಸ್ ಅಲ್ವಾ? ದಯವಿಟ್ಟು ಅಗಿಯಿರಿ. ಮೊದಲು ಉಪ್ಪು ಗೊತ್ತಾಗುತ್ತದೆ, ಅಗಿದ ಮೇಲಷ್ಟೇ ಸಿಹಿ. ಆ ಸಿಹಿ ಬರುವುದು ಸಿಂಪಿ ಮೈಯಲ್ಲಿ ಕೂಡಿಟ್ಟುಕೊಂಡ ಗ್ಲೈಕೋಜನ್ ಅನ್ನುವ ಪಿಷ್ಟದಂಥ ವಸ್ತುವಿನಿಂದ. ನುಂಗಿದವರಿಗೆ ಅದು ಸಿಗುವುದೇ ಇಲ್ಲ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಹೋಗಲು ಒಳ್ಳೆಯ ಕಾಲ ಚಳಿಗಾಲ ಮತ್ತು ವಸಂತ, ಆಗ ಸಿಂಪಿ ತುಂಬಿಕೊಂಡಿರುತ್ತದೆ. ಬೇಸಿಗೆಯಲ್ಲಿ ಮೊಟ್ಟೆ ಬಿಟ್ಟ ಮೇಲೆ ಸೊರಗುತ್ತದೆ. ಮೊಟ್ಟೆ ಬಿಡದ ತಳಿಗಳನ್ನೂ ಸಾಕುತ್ತಾರೆ, ಅದಕ್ಕೇ ವರ್ಷವಿಡೀ ಸಿಗುವುದು.

ತಳಿ ಕೇಳಿ ನೋಡಿ. ಜಾಸ್ತಿ ಸಿಗುವುದು ಜಪಾನಿನಿಂದ ಬಂದ ಪೆಸಿಫಿಕ್ ಸಿಂಪಿ. ಕುಮಾಮೊಟೊ ಕೂಡ ಅಲ್ಲಿಯದೇ, ಚಿಕ್ಕದು, ಸಿಹಿ, ಹೊಸಬರಿಗೆ ಒಳ್ಳೆಯದು. ಈ ಕರಾವಳಿಯ ಸ್ವಂತದ್ದು ಒಲಿಂಪಿಯಾ ಅನ್ನುವ ಪುಟಾಣಿ ಸಿಂಪಿ. 1849ರ ಚಿನ್ನದ ಹುಚ್ಚಿನಲ್ಲಿ ಬಂದ ಜನ ಅದನ್ನು ಮಿತಿಯಿಲ್ಲದೆ ತಿಂದರು. ಅದರ ಬಗ್ಗೆ ಇನ್ನೊಂದು ದಿನ ಕರೆದರೆ ಖಂಡಿತ ಬಂದು ಮಾತಾಡುತ್ತೇನೆ.

ನೀವೇ ಬಿಡಿಸುವುದಾದರೆ ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ. ಬಟ್ಟಲಿನ ಹಾಗೆ ತಗ್ಗಾಗಿರುವ ಚಿಪ್ಪು ಕೆಳಗಿರಲಿ. ಎರಡು ಚಿಪ್ಪು ಕೂಡುವ ಕೀಲಿನ ಸಂದಿಗೆ ಮೊಂಡು ಚಾಕು ತೂರಿಸಿ ತಿರುಗಿಸಿ. ಎಳನೀರು ಕೆತ್ತಿದಾಗ ಹಿಡಿಯುವ ಹಾಗೆ ಮಟ್ಟವಾಗಿ ಹಿಡಿಯಿರಿ, ಒಳಗಿನ ನೀರು ಚೆಲ್ಲಬಾರದು. ರುಚಿಯೆಲ್ಲ ಅದರಲ್ಲೇ ಇದೆ.

ಲಿವರ್ ತೊಂದರೆ ಇರುವವರು, ಬಸುರಿಯರು ಹಸಿ ಸಿಂಪಿ ತಿನ್ನಬಾರದು. ಅವರಿಗೆ ಕೆಂಡದ ಮೇಲೆ ಚೆನ್ನಾಗಿ ಬೇಯಿಸಿ ಕೊಡಿ. ಮನೆಗೆ ಚೀಲ ಕೊಂಡರೆ ಅದಕ್ಕೆ ಕಟ್ಟಿದ ಚೀಟಿ ಓದಿ. ಯಾವ ನೀರಿನದು, ಯಾವ ದಿನ ತೆಗೆದದ್ದು ಅಂತ ಅದರಲ್ಲಿ ಬರೆದಿರಲೇಬೇಕು.

ಮಳೆ ಜೋರಾಗಿ ಬಂದ ಮೇಲೆ ಕೆಲವು ದಿನ ಟೊಮಾಲೆಸ್‌ನಲ್ಲಿ ಸಿಂಪಿ ತೆಗೆಯಲು ರಾಜ್ಯದ ಆರೋಗ್ಯ ಇಲಾಖೆ ಬಿಡುವುದಿಲ್ಲ, ಗುಡ್ಡದ ಸಗಣಿ ಎಲ್ಲ ಕೊಲ್ಲಿಗೆ ತೊಳೆದು ಬರುತ್ತದೆ. ಹಾಗಾಗಿ ಮನೆ ಬಿಡುವ ಮೊದಲೇ ಫೋನ್ ಮಾಡಿ ಕೇಳಿ. ಶನಿವಾರ ಭಾನುವಾರ ಕುಳಿತು ತಿನ್ನುವುದಾದರೆ ಮೇಜನ್ನೂ ಮೊದಲೇ ಕಾಯ್ದಿರಿಸಿ, ಐಸ್ ತುಂಬಿದ ಪೆಟ್ಟಿಗೆ ಕಾರಿನಲ್ಲಿರಲಿ. ನನ್ನ ಸಮಯ ಮುಗಿಯಿತು. ನಮಸ್ಕಾರ.