ಮಗನ ಜೊತೆ ಹೋದ ಆ ಮನುಷ್ಯ

ಕೇಳುಗರಿಗೆ ನಮಸ್ಕಾರ. ಇಂದಿನ ಮಾತು ಮಿಕಾಯೇಲ, ಗಬ್ರಿಯೇಲ, ರಫಾಯೇಲ ಎಂಬ ಮೂವರು ಪ್ರಧಾನ ದೇವದೂತರ ಬಗ್ಗೆ.

ಮುಂಬಯಿಯ ಮಾಹಿಮಿಗೆ ಬುಧವಾರ ಹೋದವರಿಗೆ ಅಲ್ಲಿನ ಜನಸಂದಣಿ ಗೊತ್ತು. ಸಂತ ಮಿಕಾಯೇಲರ ಚರ್ಚಿನ ಹೊರಗೆ ಹೂವು, ಮೇಣದಬತ್ತಿ ಮಾರುವವರು ಬೆಳಿಗ್ಗೆಯೇ ಬಂದು ಕೂತಿರುತ್ತಾರೆ. ಸಾಲಿನಲ್ಲಿ ಕ್ರೈಸ್ತರಷ್ಟೇ ಅಲ್ಲ, ಹಣೆಗೆ ಕುಂಕುಮ ಇಟ್ಟವರೂ ಬುರ್ಖಾ ತೊಟ್ಟವರೂ ಇರುತ್ತಾರೆ. ಅವರೆಲ್ಲ ಬರುವುದು 1948ರಲ್ಲಿ ಆರಂಭವಾದ ನಿತ್ಯ ಸಹಾಯ ಮಾತೆಯ, ಅಂದರೆ ಯೇಸುವಿನ ತಾಯಿ ಮರಿಯಳ, ನೊವೆನಾ ಎಂಬ ಪ್ರಾರ್ಥನೆಗೆ. ಚರ್ಚು ಪೋರ್ಚುಗೀಸರ ಕಾಲದಿಂದಲೂ ಮಿಕಾಯೇಲರ ಹೆಸರಿನದು. ಈಗಿನ ಕಟ್ಟಡ 1973ರದು. ಹೆಸರು ಅವರದು, ಜನ ಬರುವುದು ಮಾತೆಯ ಬಳಿಗೆ. ಮಿಕಾಯೇಲರ ಸ್ವಭಾವಕ್ಕೆ ಇದು ಒಪ್ಪುವಂಥದ್ದೇ ಎಂದು ನನಗೆ ಪ್ರತಿ ಸಲ ಅನ್ನಿಸುತ್ತದೆ.

ಮಿಕಾಯೇಲ ಎಂಬ ಹೀಬ್ರೂ ಹೆಸರಿನ ಅರ್ಥ, ‘ದೇವರಿಗೆ ಸಮ ಯಾರು?’ ಹೆಸರೇ ಒಂದು ಪ್ರಶ್ನೆ. ಬೈಬಲಿನ ಪ್ರಕಟನಾ ಗ್ರಂಥದ ಹನ್ನೆರಡನೆಯ ಅಧ್ಯಾಯದಲ್ಲಿ ಅವರು ಘಟಸರ್ಪದೊಡನೆ ಹೋರಾಡುತ್ತಾರೆ. ಚಿತ್ರಕಾರರು ಅವರ ಕೈಗೆ ಕತ್ತಿ ಕೊಟ್ಟರು, ತಕ್ಕಡಿ ಕೊಟ್ಟರು. ಆದರೆ ಆ ಅಧ್ಯಾಯದಲ್ಲಿ ಕತ್ತಿಯೂ ಇಲ್ಲ, ತಕ್ಕಡಿಯೂ ಇಲ್ಲ. ಇಡೀ ಬೈಬಲಿನಲ್ಲಿ ಮಿಕಾಯೇಲರು ಆಡುವುದು ಒಂದೇ ಒಂದು ಮಾತು. ಮೋಶೆಯ ಪಾರ್ಥಿವ ಶರೀರದ ಬಗ್ಗೆ ಸೈತಾನನೊಡನೆ ವಾಗ್ವಾದ ನಡೆದಾಗ, ತಾವಾಗಿ ತೀರ್ಪು ಕೊಡಲು ಹೋಗದೆ, “ಕರ್ತನು ನಿನ್ನನ್ನು ಗದರಿಸಲಿ” ಎಂದಷ್ಟೇ ಹೇಳುತ್ತಾರೆ. ಯೂದನ ಪತ್ರಿಕೆ ಎಂಬ ಪತ್ರದಲ್ಲಿದೆ ಇದು. ಎದುರಿಗೆ ನಿಂತವನು ಸೈತಾನನೇ ಆಗಿದ್ದರೂ ಬಾಯಿ ಸಡಿಲ ಬಿಡಲಿಲ್ಲ. ಈ ಸಂಯಮದ ಮುಂದೆ ನನಗೆ ಕತ್ತಿ ಚಿಕ್ಕದಾಗಿ ಕಾಣುತ್ತದೆ.

‘ಪ್ರಧಾನ ದೂತ’ ಎಂಬ ಪದ ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದೆ: ಯೂದನ ಈ ಪತ್ರಿಕೆಯಲ್ಲಿ, ಮತ್ತು ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರಿಕೆಯಲ್ಲಿ. ಹೆಸರು ಹಿಡಿದು ಆ ಪದವಿ ಹೇಳಿರುವುದು ಮಿಕಾಯೇಲರಿಗೆ ಮಾತ್ರ. ಗಬ್ರಿಯೇಲರಿಗೂ ರಫಾಯೇಲರಿಗೂ ಅದನ್ನು ಕೊಟ್ಟದ್ದು ಧರ್ಮಸಭೆಯ ಪರಂಪರೆ.

ಗಬ್ರಿಯೇಲರ ಕಥೆ ಕ್ರಿಸ್ಮಸ್ ಹಾಡು ಕೇಳಿದ ಎಲ್ಲರಿಗೂ ಗೊತ್ತಿರುವುದೇ. ನಜರೇತಿನ ಕನ್ಯೆ ಮರಿಯಳಿಗೆ ಯೇಸು ಹುಟ್ಟುವ ಸುದ್ದಿ ತಂದರು. ಅವಳು “ಇದು ಹೇಗಾದೀತು?” ಎಂದು ಕೇಳಿದಳು, ಅವರು ಉತ್ತರ ಕೊಟ್ಟರು, ಅವಳು ಒಪ್ಪಿದಳು. ಮುಂದಿನ ವಾಕ್ಯವನ್ನು ಸುವಾರ್ತೆ ಬರೆದ ಲೂಕನು ಬಹಳ ಚಿಕ್ಕದಾಗಿ ಬರೆದಿದ್ದಾನೆ: ದೂತನು ಅವಳ ಬಳಿಯಿಂದ ಹೊರಟುಹೋದನು. ಹೇಳಬೇಕಾದದ್ದನ್ನು ಹೇಳಿಯಾಯಿತು, ನಿಲ್ಲಲು ಕಾರಣವಿಲ್ಲ. ಅವರು ಆಡಿದ ವಂದನೆಯ ಮಾತೇ ‘ನಮೋ ಮರಿಯ’ ಪ್ರಾರ್ಥನೆಯ ಮೊದಲ ಸಾಲಾಗಿ ಇಂದಿಗೂ ನಮ್ಮ ಜಪಸರದ ಮಣಿಮಣಿಯ ಮೇಲೆ ಉರುಳುತ್ತಿದೆ. 1951ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಅವರು ಗಬ್ರಿಯೇಲರನ್ನು ದೂರಸಂಪರ್ಕದ ಪಾಲಕರೆಂದು ಘೋಷಿಸಿದರು. ರೇಡಿಯೋ ಕೂಡ ಅದರಲ್ಲಿ ಸೇರಿದೆ. ಈ ಮೈಕಿನ ಮುಂದೆ ಕೂರುವ ಮೊದಲು ನಾನು ಅವರನ್ನು ನೆನೆದೇ ಕೂತಿದ್ದೇನೆ.

ಆದರೆ ನನ್ನ ಮನಸ್ಸಿಗೆ ತೀರಾ ಹತ್ತಿರದವರು ರಫಾಯೇಲರು. ಹಾಸನದ ಕಡೆಯ ನಮ್ಮ ಹಳ್ಳಿಯಿಂದ ನಾನು ಮುಂಬಯಿಗೆ ಹೊರಟ ದಿನ, ಬಸ್ಸು ಹತ್ತುವಾಗ ಅವ್ವ ನನ್ನ ಅಂಗಿಯ ಜೇಬಿಗೆ ಬೆರಳುದ್ದದ ಒಂದು ಚಿತ್ರ ತುರುಕಿದರು. ಈಗ ಅದರ ಮೂಲೆಗಳು ಸವೆದು ದುಂಡಗಾಗಿವೆ, ನಡುವೆ ಮಡಿಕೆಯ ಬಿಳಿ ಗೆರೆ ಬಿದ್ದಿದೆ. ಚಿತ್ರದಲ್ಲಿ ಕೋಲು ಹಿಡಿದ ರೆಕ್ಕೆಯ ದೂತ, ಪಕ್ಕದಲ್ಲಿ ಮೀನು ಹಿಡಿದ ಹುಡುಗ, ಅವರ ಕಾಲ ಬಳಿ ಒಂದು ನಾಯಿ. ಅವ್ವನ ಹಳೆಯ ಪ್ರಾರ್ಥನಾ ಪುಸ್ತಕದಲ್ಲಿ ರಫಾಯೇಲರ ಹಬ್ಬ ಅಕ್ಟೋಬರ್ 24ಕ್ಕೆ ಇತ್ತು. ಧರ್ಮಸಭೆಯ ಹಬ್ಬಗಳ ಪಟ್ಟಿಯ 1969ರ ಪರಿಷ್ಕರಣೆಯ ನಂತರ ಮೂವರ ಹಬ್ಬವೂ ಸೆಪ್ಟೆಂಬರ್ 29ಕ್ಕೆ ಬಂದಿತು. ಅವ್ವ ಕೊನೆಯವರೆಗೂ ಎರಡೂ ದಿನ ದೀಪ ಹಚ್ಚಿದರು.

ಆ ಚಿತ್ರದ ಕಥೆ ತೋಬಿತನ ಗ್ರಂಥದ್ದು. ಕಥೋಲಿಕರ, ಆರ್ಥಡಾಕ್ಸರ ಬೈಬಲಿನಲ್ಲಿ ಅದು ಇದೆ. ಪ್ರೊಟೆಸ್ಟೆಂಟರು ಅದನ್ನು ಪವಿತ್ರ ಗ್ರಂಥಗಳ ಸಾಲಿಗೆ ಸೇರಿಸುವುದಿಲ್ಲ. ತೋಬಿತ ನಿನೆವೆ ನಗರದಲ್ಲಿದ್ದ ಪರದೇಶಿ, ಸೆರೆಯಾಗಿ ಬಂದವನು. ಕಣ್ಣು ಹೋಗಿದೆ, ಮನೆಯಲ್ಲಿ ಬಡತನ. ದೂರದ ಮೇದ್ಯ ದೇಶದಲ್ಲಿ ಒಬ್ಬರ ಬಳಿ ಇಟ್ಟಿದ್ದ ಹತ್ತು ತಲಾಂತು (ಆ ಕಾಲದ ತೂಕ) ಬೆಳ್ಳಿ ನೆನಪಾಗಿ, ಅದನ್ನು ತರಲು ಮಗ ತೋಬಿಯನನ್ನು ಕಳಿಸಬೇಕು. ಹುಡುಗನಿಗೆ ದಾರಿ ಗೊತ್ತಿಲ್ಲ. ಆಗ ಸಿಕ್ಕವನು ಅಜರ್ಯ ಎಂದು ಹೆಸರು ಹೇಳಿದ ಒಬ್ಬ ಯುವಕ. ಕುರುಡ ಮುದುಕ ಅವನನ್ನು ಸುಮ್ಮನೆ ಒಪ್ಪುವುದಿಲ್ಲ. ಯಾವ ಕುಲ, ಯಾವ ಮನೆತನ, ಯಾರ ಕಡೆಯವನು ಎಂದು ವಿಚಾರಿಸುತ್ತಾನೆ, ನಮ್ಮ ಹಿರಿಯರು ವಿಚಾರಿಸುವ ಹಾಗೆಯೇ. ದಿನಕ್ಕೆ ಒಂದು ದ್ರಾಕ್ಮ ನಾಣ್ಯ ಕೂಲಿ ಎಂದು ಮಾತಾಗುತ್ತದೆ. ದೇವರ ಸನ್ನಿಧಿಯಲ್ಲಿ ನಿಲ್ಲುವ ಏಳು ದೂತರಲ್ಲಿ ಒಬ್ಬರಾದ ರಫಾಯೇಲರು, ಅಜರ್ಯನ ರೂಪದಲ್ಲಿ, ದಿನಗೂಲಿಗೆ ಒಪ್ಪಿ ಹೊರಡುತ್ತಾರೆ. ಹುಡುಗನ ನಾಯಿಯೂ ಹಿಂದೆ ಹೊರಡುತ್ತದೆ.

ತಾಯಿ ಅನ್ನಳು ಅಳುತ್ತಾಳೆ. ಹಣದ ಮೇಲೆ ಹಣ ಯಾಕೆ ಬೇಕಿತ್ತು, ಇದ್ದುದರಲ್ಲಿ ಬದುಕುತ್ತಿದ್ದೆವಲ್ಲ ಎಂದು ಗಂಡನನ್ನು ಕೇಳುತ್ತಾಳೆ. ಈ ಮುಂಬಯಿಯ ಹೋಟೆಲುಗಳಿಗೆ, ಗಿರಣಿಗಳಿಗೆ, ಬಂದರಿಗೆ ಮಕ್ಕಳನ್ನು ಕಳಿಸಿದ ನಮ್ಮ ನಾಡಿನ ಎಷ್ಟು ತಾಯಂದಿರು ಇದೇ ಮಾತನ್ನು ಆಡಿಲ್ಲ!

ಟೈಗ್ರಿಸ್ ನದಿಯಲ್ಲಿ ಹುಡುಗನ ಮೇಲೆ ಹಾರಿದ ಮೀನನ್ನು ಹಿಡಿಯಲು ಅಜರ್ಯ ಹೇಳುತ್ತಾನೆ, ಅದರ ಪಿತ್ತಕೋಶವನ್ನು ತೆಗೆದಿಡಿಸುತ್ತಾನೆ. ದಾರಿಯಲ್ಲೇ ಹುಡುಗನಿಗೆ ಮದುವೆಯೂ ಆಗುತ್ತದೆ. ಮನೆಗೆ ಬಂದ ಮೇಲೆ ಆ ಪಿತ್ತವನ್ನು ಹಚ್ಚಿದಾಗ ತಂದೆಗೆ ಕಣ್ಣು ಬರುತ್ತದೆ. ರಫಾಯೇಲ ಎಂದರೆ ‘ದೇವರು ಗುಣಪಡಿಸುತ್ತಾನೆ’ ಎಂದರ್ಥ. ತಂದ ಸಂಪತ್ತಿನಲ್ಲಿ ಅರ್ಧ ಕೊಡುತ್ತೇವೆ ಎಂದಾಗಲೇ ಅವರು ತಾವು ಯಾರೆಂದು ಹೇಳುವುದು. ನಿಮ್ಮೊಡನೆ ಉಂಡಂತೆ ನಿಮಗೆ ಕಂಡಿತಷ್ಟೇ, ದೇವರನ್ನು ಸ್ತುತಿಸಿರಿ ಎಂದು ಹೇಳಿ ಮರೆಯಾಗುತ್ತಾರೆ.

ನಾನು ಮತ್ತೆ ಮತ್ತೆ ಓದುವುದು ಅದಕ್ಕೂ ಮೊದಲಿನ ಎರಡು ಸಾಲನ್ನು. ಅನ್ನಳು ದಾರಿ ನೋಡುತ್ತಾ ಕೂತಿದ್ದಾಳೆ. ದೂರದಲ್ಲಿ ಮಗ ಕಾಣಿಸುತ್ತಾನೆ. ಅವಳು ಒಳಗಿರುವ ಕುರುಡ ಗಂಡನಿಗೆ ಕೂಗಿ ಹೇಳುತ್ತಾಳೆ: “ನೋಡಿ, ನಿಮ್ಮ ಮಗ ಬರುತ್ತಿದ್ದಾನೆ. ಅವನ ಜೊತೆ ಹೋದ ಆ ಮನುಷ್ಯನೂ ಬರುತ್ತಿದ್ದಾನೆ.”

ನಮಸ್ಕಾರ.