ಪೊಲೀಸರಿಗೆ ಒಂದು ಸೈಕಲ್ ಕೊಡಿಸಿ ಸ್ವಾಮಿ

ನಮ್ಮ ಬೀದಿಗೆ ದಿನಾ ರಾತ್ರಿ ಪೊಲೀಸ್ ಗಾಡಿ ಬರುತ್ತದೆ. ಗಾಜು ಏರಿಸಿರುತ್ತಾರೆ, ಮೇಲೆ ಕೆಂಪು ನೀಲಿ ದೀಪ. ಅದು ತಿರುವಿನಲ್ಲಿ ಕಂಡ ತಕ್ಷಣ ಪಾನಿಪುರಿಯವನು ಸ್ಟವ್ ಆರಿಸುತ್ತಾನೆ, ಹೋದ ಮೇಲೆ ಮತ್ತೆ ಹಚ್ಚುತ್ತಾನೆ. ಒಳಗೆ ಕೂತವರ ಮುಖ ನಾನಂತೂ ಇವತ್ತಿನ ತನಕ ನೋಡಿಲ್ಲ. ಇದು ಗಸ್ತಾ, ಮೆರವಣಿಗೆಯಾ?

ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1972-73ರಲ್ಲೇ ಇದನ್ನು ಪರೀಕ್ಷೆ ಮಾಡಿ ನೋಡಿದ್ದರು. ಕೆಲವು ಬೀಟ್‌ಗಳಲ್ಲಿ, ಅಂದರೆ ಗಸ್ತಿನ ಏರಿಯಾಗಳಲ್ಲಿ, ಕಾರು ಜಾಸ್ತಿ ಮಾಡಿದರು, ಕೆಲವು ಕಡೆ ಪೂರ್ತಿ ನಿಲ್ಲಿಸಿದರು. ಅಪರಾಧದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಜನರಿಗೆ ಕಾರು ಜಾಸ್ತಿಯಾಗಿದ್ದೂ ಗೊತ್ತಾಗಲಿಲ್ಲ, ಕಮ್ಮಿಯಾಗಿದ್ದೂ ಗೊತ್ತಾಗಲಿಲ್ಲ!

ಇನ್ನು ಅಮೆರಿಕದ್ದೇ ಸಿಯಾಟಲ್ ಊರಿನ ಕಥೆ ಕೇಳಿ. 1987ರಲ್ಲಿ ಊರ ನಡುವೆ ಬಸ್ಸಿಗಾಗಿ ಸುರಂಗ ತೋಡುತ್ತಿದ್ದರು, ರಸ್ತೆಯೆಲ್ಲ ಜಾಮ್, ಪೊಲೀಸ್ ಕಾರು ಅಲ್ಲಾಡುತ್ತಿರಲಿಲ್ಲ. (ಮೆಟ್ರೋ ಅಗೆತ ನೋಡಿದ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾ?) ಆಗ ಇಬ್ಬರು ಪೊಲೀಸರು ಸೈಕಲ್ ಹತ್ತಿದರು. ಸದ್ದಿಲ್ಲ, ದೀಪವಿಲ್ಲ. ಗಾಂಜಾ ಮಾರುವವನು ತಿರುಗಿ ನೋಡುವಷ್ಟರಲ್ಲಿ ಪಕ್ಕದಲ್ಲೇ ಪೊಲೀಸ್.

ಆಮೇಲೆ 2001ರ ಕೊನೆಯಲ್ಲಿ ಸೆಗ್ವೇ ಬಂತು. ನಿಂತುಕೊಂಡೇ ಓಡಿಸುವ ಎರಡು ಚಕ್ರದ ಗಾಡಿ. ಎಷ್ಟೋ ಊರಿನ ಪೊಲೀಸರು ಕೊಂಡರು. 2020ರಲ್ಲಿ ಅದರ ತಯಾರಿಕೆಯೇ ನಿಂತಿತು. ಅದೇ ವರ್ಷ ಮುಂಬೈ ಪೊಲೀಸರು ಮರೀನ್ ಡ್ರೈವ್‌ನಲ್ಲಿ ಅಂಥದೇ ಗಾಡಿ ಇಳಿಸಿದರು. ಸಮುದ್ರದ ಪಕ್ಕದ ನುಣ್ಣನೆ ಫುಟ್‌ಪಾತ್‌ಗೆ ಸರಿ, ಬೇಡ ಅನ್ನಲ್ಲ. ನಮ್ಮ ಗಲ್ಲಿಗೆ? ಮೊದಲನೇ ಮೆಟ್ಟಿಲಿಗೇ ಮುಗೀತು. ಅದನ್ನು ಹೊತ್ತು ದಾಟಿಸಲು ಇನ್ನಿಬ್ಬರು ಬೇಕು. ಸೈಕಲ್ಲಾದರೆ ಹೆಗಲಿಗೆ ಹಾಕಿಕೊಂಡು ಹತ್ತಬಹುದು. ಇನ್ನೊಂದು ವಿಷಯ, ಸೆಗ್ವೇ ಮೇಲಿದ್ದವರು ನಮಗಿಂತ ಒಂದು ಗೇಣು ಎತ್ತರ ಕಾಣುತ್ತಾರೆ. ಜನ ಸೆಲ್ಫಿ ಕೇಳುತ್ತಾರೆ, ಕಷ್ಟ ಹೇಳಿಕೊಳ್ಳಲ್ಲ.

ಸೈಕಲ್ ಪೊಲೀಸ್ ಒಂದು ಕಾಲು ನೆಲಕ್ಕೆ ಊರಿ ನಿಂತರೆ ಸಾಕು, ಹೂವಿನ ಅಜ್ಜಿಯೂ ಮಾತಾಡಿಸುತ್ತಾಳೆ. "ಸಾರ್, ಆ ಮೂಲೆ ಲೈಟು ಕೆಟ್ಟು ಹದಿನೈದು ದಿನ ಆಯ್ತು." ಇಂಥ ಮಾತು ಹೇಳಲು ಯಾರೂ 112ಕ್ಕೆ ಫೋನ್ ಮಾಡಲ್ಲ, ಅಲ್ವಾ?

ಹಾಗಂತ ದಿನವಿಡೀ ಬಂದೋಬಸ್ತಿನಲ್ಲಿ ನಿಂತು ಬಂದ ಕಾನ್‌ಸ್ಟೇಬಲ್‌ಗೆ ರಾತ್ರಿ ಸೈಕಲ್ ತುಳಿ ಅನ್ನೋದು ಶಿಕ್ಷೆ. ಅದನ್ನೇ ಅವರ ಡ್ಯೂಟಿ ಮಾಡಿ, ಒಳ್ಳೆ ಶೂ ಕೊಡಿ, ಗೇರ್ ಇರೋ ಸೈಕಲ್ ಕೊಡಿ. ಮಳೆ ಬಂದರೆ ಏನು ಮಾಡೋದು ಅಂತೀರಾ? ಪೇಪರ್ ಹಾಕುವ ಹುಡುಗರು ಏನು ಮಾಡುತ್ತಾರೋ ಅದೇ.